ದಣಿವಿಗೆ ಮೂರು ಮಾತು

ಶಾಲೆಯ ಕಿಟಕಿಯಲ್ಲಿ ಕೂತು ಇಂಗ್ಲಿಷ್ ಪಾಠ ಕೇಳುತ್ತಿದ್ದ ಗಿಳಿಗೆ ಪದಗಳನ್ನು ಉರುಹೊಡೆದೂ ಹೊಡೆದೂ ಸಾಕಾಗಿಹೋಗಿತ್ತು. ಕಲಿತದ್ದೆಲ್ಲ ಒಂದರೊಳಗೊಂದು ಕಲಸಿಹೋಗುತ್ತಿತ್ತು. ಒಂದು ಬೆಳಿಗ್ಗೆ ಅದು ಗುಡ್ಡದ ಮೇಲಕ್ಕೆ ಇಟ್ಟಿಗೆ ಹೊರುವ ಮುದಿ ಕತ್ತೆಗೆ ಹೇಳಿತು: “ದಣಿವಿಗೆ ಟೈರ್ಡ್, ವಿಯರಿ, ಎಕ್ಸಾಸ್ಟೆಡ್ ಎಂದು ಮೂರು ಮಾತುಗಳಿವೆ. ಮೂರಕ್ಕೂ ಒಂದೇ ಅರ್ಥವಂತೆ.”

“ಒಂದೇ ಆದರೆ ಮೂರು ಯಾಕೆ?” ಎಂದಿತು ಕತ್ತೆ. “ಬೆನ್ನ ಮೇಲೆ ಕೂತುಕೋ, ನೋಡೋಣ.”

ಮೊದಲ ಸಲ ಗುಡ್ಡ ಹತ್ತಿ ಬಂದ ಕತ್ತೆ ನೀರು ಕುಡಿದು ಸುಧಾರಿಸಿಕೊಂಡಿತು. “ಇದು ಟೈರ್ಡ್,” ಎಂದಿತು ಗಿಳಿ. ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದರೂ, ನೆರಳಲ್ಲಿ ನಿಂತರೂ ಕತ್ತೆಗೆ ಗೆಲುವಾಗಲಿಲ್ಲ. “ಎಷ್ಟು ವರ್ಷದಿಂದ ಇದೇ ದಾರಿ. ಗುಡ್ಡ ಕಂಡರೇ ಬೇಸರ,” ಎಂದಿತು. ಗಿಳಿಗೆ ತನ್ನ ಉರುಹೊಡೆತ ನೆನಪಾಯಿತು. “ಇದು ವಿಯರಿ. ಇದು ನನಗೂ ಆಗಿದೆ,” ಎಂದು ಮೆಲ್ಲನೆ ಹೇಳಿತು.

ಸಂಜೆಯ ಕೊನೆಯ ಏರಿನಲ್ಲಿ ಕತ್ತೆ ಮುಂಗಾಲು ಮಡಚಿ ಕುಸಿಯಿತು. ಇದಕ್ಕೆ ಯಾವ ಮಾತು ಎಂದು ಕೇಳಲೂ ಅದಕ್ಕೆ ಉಸಿರಿರಲಿಲ್ಲ. ಮೂರನೆಯ ಮಾತು ಗಿಳಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳುವ ಮೊದಲು ಗಿಳಿ ಕತ್ತೆಯ ಬೆನ್ನಿನಿಂದ ಕೆಳಗಿಳಿಯಿತು.