ಕಪ್ಪಾಗಿ ಬಂದ ಮುಖ

ತುಂಗಭದ್ರೆಯ ದಡದ ಹಳೆಯ ಮಂಟಪದಲ್ಲಿ ಇಮಾಮಜ್ಜ ವಿಡಿಯೋ ತೆಗೆಯುವುದನ್ನು ಹೇಳಿಕೊಡುತ್ತಿದ್ದರು. ಆಯಸ್ಸೆಲ್ಲ ಊರವರ ಮದುವೆಗಳ ವಿಡಿಯೋ ತೆಗೆದವರು. ಯಾವ ಶಾಲೆಯಲ್ಲೂ ಅದನ್ನು ಕಲಿತವರಲ್ಲ.

ಅವರ ಶಿಷ್ಯೆ ಸುಗಂಧಿ ಮೀನುಗಾರರ ಕೇರಿಯ ಹೆಂಗಸರಿಗೆ ಅದೇ ವಿದ್ಯೆ ಕಲಿಸಲು ಹೋಗಿದ್ದಳು. ಎರಡನೆಯ ದಿನವೇ ತಿರುಗಿ ಬಂದಳು.

"ಅಜ್ಜ, ಕಲಿಸೋದು ನನ್ನಿಂದ ಆಗಲ್ಲ."

"ಏನಾಯ್ತು?"

"ದುರುಗಮ್ಮ ಅಂತ ಒಬ್ಬಾಕೆ. ಮಗಳನ್ನ ಬಿಸಿಲಿಗೆ ಥಳಥಳಿಸೋ ಹೊಳೆಗೆ ಬೆನ್ನು ಮಾಡಿ ನಿಲ್ಲಿಸಿ ಫೋನಿನಲ್ಲಿ ವಿಡಿಯೋ ತೆಗೆದಳು. ಮುಖ ಕಪ್ಪಾಗಿ ಬಂತು. ಯಾಕೆ ಅಂತ ಕೇಳಿದಳು. ನನಗೆ ವಿವರಿಸೋಕೆ ಬರಲಿಲ್ಲ. ನಿನ್ನ ಫೋನೇ ಕೆಟ್ಟಿದೆ ಅಂದುಬಿಟ್ಟೆ."

"ಅವಳೇನಂದಳು?"

"ಎದ್ದು ಮನೆಗೆ ಹೋದಳು. ಇವತ್ತು ಪಾಠಕ್ಕೆ ಬರಲಿಲ್ಲ."

ಅಜ್ಜ ಅವಳನ್ನು ಹತ್ತಿರ ಕೂರಿಸಿಕೊಂಡರು.

"ನೀನು ತೆಗೆಯುವಾಗ ಮುಖ ಕಪ್ಪಾದರೆ ಏನು ಮಾಡ್ತೀಯ?"

"ಅವರನ್ನ ಬೆಳಕಿನ ಕಡೆ ತಿರುಗಿಸಿ ನಿಲ್ಲಿಸ್ತೀನಿ."

"ಅದನ್ನ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಅತ್ತೆ ಮಗಳ ಸೀಮಂತದ ವಿಡಿಯೋ ಪೂರ್ತಿ ಹಾಳು ಮಾಡಿದ್ದೆ. ಅವತ್ತು ಎಲ್ಲರ ಕೈಲಿ ಬೈಸಿಕೊಂಡು ಕಲಿತೆ."

"ಹೋಗಿ ಅದನ್ನೇ ಹೇಳು."

"ಯಾವುದನ್ನ, ತಿರುಗಿಸಿ ನಿಲ್ಲಿಸೋದನ್ನ?"

"ಬೈಸಿಕೊಂಡಿದ್ದನ್ನ."

ಸುಗಂಧಿ ನೇರವಾಗಿ ದುರುಗಮ್ಮನ ಮನೆಗೆ ನಡೆದಳು. ಫೋನು ಕೆಟ್ಟಿಲ್ಲ, ವಿವರಿಸಲು ಗೊತ್ತಿಲ್ಲ ಅನ್ನಲಾರದೆ ತಾನೇ ಸುಳ್ಳು ಹೇಳಿದ್ದು ಎಂದು ಬಾಗಿಲಲ್ಲೇ ಒಪ್ಪಿಕೊಂಡಳು. ಸೀಮಂತದ ಕಥೆಯನ್ನೂ ಹೇಳಿದಳು.

ದುರುಗಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಅದು ನನ್ನ ತಮ್ಮನ ಫೋನು, ತಾಯಿ. ಅವನಿಗೆ ಏನು ಹೇಳಲಿ ಅಂತ ನಿನ್ನೆಯಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ."

ಹೇಳುತ್ತಲೇ ನಕ್ಕಳು. ಕಣ್ಣು ಒದ್ದೆಯಾಗಿತ್ತು. ಒಳಗೆ ಹೋಗಿ ಇಬ್ಬರಿಗೂ ಅನ್ನ ಬಡಿಸಿಕೊಂಡು ಬಂದಳು.

ಮರುದಿನ ಸಂಜೆ ಸುಗಂಧಿ ಮಂಟಪಕ್ಕೆ ಬಂದಾಗ ಅವಳ ನಡಿಗೆಯೇ ಹಗುರಾಗಿತ್ತು.

"ಅಜ್ಜ, ಎಲ್ಲರೂ ಬಂದಿದ್ದರು. ದುರುಗಮ್ಮ ಇವತ್ತು ಇನ್ನೊಂದು ಕೇಳಿದಳು. ದಡದಲ್ಲಿ ವಿಡಿಯೋ ತೆಗೆದರೆ ಮಾತೆಲ್ಲ ಗಾಳಿ ಸದ್ದಲ್ಲಿ ಮುಚ್ಚಿಹೋಗುತ್ತಲ್ಲ, ಅದಕ್ಕೇನು ಮಾಡೋದು ಅಂತ."

"ನೀನೇನಂದೆ?"

"ನನಗೆ ಗೊತ್ತಿಲ್ಲ ಅಂದೆ. ಅವಳೇ ಸ್ವಲ್ಪ ಯೋಚನೆ ಮಾಡಿ, ಹರಿಗೋಲನ್ನ ಗಾಳಿಗೆ ಅಡ್ಡ ನಿಲ್ಲಿಸಿದಳು. ಅದರ ಮರೆಯಲ್ಲಿ ಮಗಳನ್ನ ಕೂರಿಸಿ ಮಾತಾಡಿಸಿದಳು. ಒಂದೊಂದು ಅಕ್ಷರವೂ ಕೇಳಿತು."

ಇಮಾಮಜ್ಜ ಎದ್ದು ಚಪ್ಪಲಿ ಮೆಟ್ಟಿದರು.

"ನಡಿ, ಆಯಮ್ಮನ ಹತ್ತಿರ ಕರಕೊಂಡು ಹೋಗು. ಮೂವತ್ತು ವರ್ಷದಿಂದ ಆ ಗಾಳಿ ನನ್ನ ಕಾಡ್ತಾ ಇದೆ."