ಎರಡು ಗೆರೆ, ಒಂದು ಚುಕ್ಕೆ

ಕಬಡ್ಡಿ ತಾರೆ ರುದ್ರಗೌಡರ ಕಂಪನಿಯ ಬನಿಯನ್ನುಗಳ ಮೇಲೆ ಎರಡು ಗೆರೆ, ನಡುವೆ ಒಂದು ಚುಕ್ಕೆ ಇರುತ್ತದೆ. ಅದು ಅವರ ಆಟದ ಚಿತ್ರವೆಂದು ಹುಬ್ಬಳ್ಳಿಯಲ್ಲಿ ಎಲ್ಲರೂ ನಂಬಿದ್ದಾರೆ.

ಕಂಪನಿ ತೆರೆದ ಹೊಸದರಲ್ಲಿ ಗೌಡರಿಗೆ ಯಾವ ಲೋಗೋವೂ ಹಿಡಿಸಲಿಲ್ಲ. ಮುಂಬೈಯವರು ಬರೆದುಕೊಟ್ಟ ಹುಲಿ ಅವರ ಕಣ್ಣಿಗೆ ಬೆಕ್ಕಾಗಿ ಕಂಡಿತು. ಸಿಟ್ಟು ಗುಮಾಸ್ತನ ಮೇಲೆ ತಿರುಗಿತು.

"ನನಗಷ್ಟೇ ಒಪ್ಪೋ ಗುರುತು ಬೇಕು. ಊರಾಗ ಇನ್ನೊಬ್ಬರಿಗೆ ಇರಬಾರದು. ನಾಳೆ ಅದು ಬರಲಿಲ್ಲಂದ್ರ ನೀನೂ ಬರಬ್ಯಾಡ."

ಗುಮಾಸ್ತನಿಗೆ ಚಿತ್ರ ಬರೆಯಲು ಬಾರದು. ಆದರೆ ಅವನ ಬಟ್ಟೆಯನ್ನೂ ಗೌಡರ ಬಟ್ಟೆಯನ್ನೂ ಒಗೆಯುತ್ತಿದ್ದವನು ಒಬ್ಬನೇ ದೋಬಿ, ಹೊನ್ನಪ್ಪ. ಮನೆಗೆ ಹೋಗುವಾಗ ಗುಮಾಸ್ತ ಅವನನ್ನು ಕಂಡು ಹೋದ.

ಮರುದಿನ ಗೌಡರ ಎದುರು ನಿಂತು, "ಸಾಹೇಬ್ರ, ನಿಮ್ಮ ಅಂಗಿ ಕಾಲರ್ ಹೊರಳಿಸಿ ನೋಡ್ರಿ," ಎಂದ.

ಒಳಗೆ ಕಪ್ಪು ಮಸಿಯ ಎರಡು ಗೆರೆ, ನಡುವೆ ಒಂದು ಚುಕ್ಕೆ.

"ದೋಬಿ ಗುರುತೇನಲೇ!"

"ಹೌದ್ರಿ. ಎಷ್ಟು ಒಗೆದ್ರೂ ಹೋಗಿಲ್ಲ. ಊರಾಗ ಬ್ಯಾರೆ ಯಾರ ಬಟ್ಟೀಗೂ ಇಲ್ಲ. ಹೊನ್ನಪ್ಪನ್ನ ಕೇಳೇ ಬಂದೀನಿ."

ಗೌಡರು ಕಾಲರ್ ಹಿಡಿದು ಬಹಳ ಹೊತ್ತು ನೋಡಿದರು.

"ಈ ಚುಕ್ಕಿ ನಾನು. ಎರಡೂ ಕಡೆ ಗೆರಿ ನನ್ನ ಹಿಡಿಯೋರು. ಅಂವಗ ಇದು ಹೆಂಗ ಹೊಳೀತಲೇ?"

"ನಿಮ್ಮ ಬೆವರು ಕಂಡಾಂವ ಅಲ್ರೀ ಅಂವ," ಎಂದ ಗುಮಾಸ್ತ.

ಗೌಡರ ಕಣ್ಣು ತುಂಬಿತು. ಗುಮಾಸ್ತನ ಕೆಲಸ ಉಳಿಯಿತು. ಅವನು ಇಂದಿಗೂ ಅಲ್ಲೇ ನೆಮ್ಮದಿಯಾಗಿದ್ದಾನೆ.

ನಾರುವ ಬಟ್ಟೆ, ಬೇರೆ ನೆನೆಹಾಕು ಎಂದು ಹೊನ್ನಪ್ಪ ತನ್ನ ಹೆಂಡತಿಗಾಗಿ ಹಾಕಿದ್ದ ಗುರುತು ಅದು.