ಮೋಡಜ್ಜಿ ಹೊಸೆದ ಬತ್ತಿ

ಹಣತೆಯಿಲ್ಲ, ಎಣ್ಣೆಯಿಲ್ಲ, ಬತ್ತಿ ಮಾತ್ರ ಆಕಾಶದಷ್ಟುದ್ದ. ಉರಿಯಲೇ ಇಲ್ಲ, ಆದರೂ ಅಜ್ಜಿಗೆ ಮೊಮ್ಮಗಳ ಮುಖ ಕಂಡಿತು. ಏನದು?

ತಲೆ ಕೆರೆದುಕೊಂಡಿದ್ದು ಸಾಕು, ಕೂದಲು ಉದುರುತ್ತದೆ. ಕೇಳಿ.

ಲೋಕ ಇನ್ನೂ ಹಸಿಹಸಿಯಾಗಿತ್ತು. ಆಮೆಯ ಚಿಪ್ಪು ಕೂಡ ಒಣಗಿರಲಿಲ್ಲ. ಆಗ ಬಿಸಿಲಿಗೆ ಕಾದ ಬಯಲಲ್ಲಿ ಪುಟ್ಟ ಬಿಸಿಗಾಳಿ ಹುಟ್ಟಿದಳು. ಅವಳನ್ನು ಕಂಡವರೇ ಇಲ್ಲ. ಗಾಳಿಗೆ ಮುಖವೆಲ್ಲಿ? ಮೇಲೆ ಅವಳ ಮೋಡಜ್ಜಿ. ಹೊಟ್ಟೆ ತುಂಬ ನೀರು, ಕಣ್ಣು ಮಂಜು.

"ಮಗಾ, ಇನ್ನೇನು ಮಳೆಯಾಗಿ ಕರಗಿಹೋಗ್ತೀನಿ. ಅಷ್ಟರಲ್ಲಿ ಒಂದ್ಸಲ ನಿನ್ನ ಮುಖ ನೋಡಬೇಕು ಕಣೇ," ಅಂದಳು ಅಜ್ಜಿ.

"ಹಂಗಾದ್ರೆ ದೀಪ ಹಚ್ಚಜ್ಜಿ."

ಅಜ್ಜಿ ಮೈಯಿಂದಲೇ ಅರಳೆ ಕಿತ್ತಳು. ಗುಡ್ಡದ ಮೇಲೆ ಕೂತಳು, ಕಲ್ಲು ಚುಚ್ಚಿತು. ಕಾಡಿನ ಮೇಲೆ ಕೂತಳು, ಕೊಂಬೆ ಕಚಗುಳಿ ಇಟ್ಟಿತು. ಕೊನೆಗೆ ನುಣ್ಣನೆ ಬಯಲ ಮೇಲೆ ಕಾಲು ಚಾಚಿ ಕೂತಳು. ಮೇಲಿನ ತಣ್ಣನೆ ಗಾಳಿ ಅವಳ ಒಂದು ಕೈ, ಕೆಳಗಿನ ಗಾಳಿ ಇನ್ನೊಂದು ಕೈ. ಒಂದು ಅತ್ತ ಉಜ್ಜಿತು, ಒಂದು ಇತ್ತ ಉಜ್ಜಿತು. ನಡುವೆ ಅರಳೆ ಸುತ್ತಿತು, ಸುತ್ತಿತು, ಬತ್ತಿಯಾಯಿತು.

ಆದರೆ ಬತ್ತಿ ಅಡ್ಡ ಮಲಗಿತ್ತು.

"ಏಳೋ ಸೋಮಾರಿ, ನೆಟ್ಟಗೆ ನಿಂತರೆ ತಾನೇ ಎಣ್ಣೆ ಮುಟ್ಟೋದು," ಅಂತ ಬಿಸಿಗಾಳಿ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದಳು.

ಬತ್ತಿಯ ತುದಿ ನೆಲ ಮುಟ್ಟಿ ಎಣ್ಣೆ ಹುಡುಕಿತು. ಇರುವೆಗೂಡಲ್ಲಿ ಇಣುಕಿತು. ನರಿಯ ಬಾಲ ಎತ್ತಿ ನೋಡಿತು.

"ಅಲ್ಲಿಲ್ಲ ಕಣಪ್ಪಾ," ಅಂತು ನರಿ.

ಎಲ್ಲೂ ಇಲ್ಲ. ಅಜ್ಜಿ ಮಿಂಚು ಗೀರಿದಳು, ಮತ್ತೆ ಗೀರಿದಳು, ಹತ್ತಲಿಲ್ಲ. ಮೊದಲ ಹನಿ ಟಪ್ಪೆಂದು ಬಿತ್ತು.

"ಹೋಗ್ಲಿ ಬಿಡು ಮಗಾ."

ಬಿಸಿಗಾಳಿ ಬಿಡಲಿಲ್ಲ. ಬತ್ತಿಯೊಳಗೇ ನುಗ್ಗಿ ಗಿರಗಿರ ಮೇಲೆ ಹತ್ತಿದಳು. ಧೂಳು ಮೆತ್ತಿತು, ಕೆನ್ನೆ ಬಂತು. ತರಗೆಲೆ ಅಂಟಿತು, ಮೂಗು ಬಂತು. ಹುಲ್ಲು ಸುತ್ತಿತು, ಜಡೆ ಬಂತು. ಅಜ್ಜಿ ಬಗ್ಗಿ ಆ ಧೂಳುಮುಖ ಸವರಿದಳು.

"ನಂದೇ ಮೊಂಡುಮೂಗು ಬಂದಿದೆಯಲ್ಲೇ," ಅಂದಳು. ಆಮೇಲೆ ನೆಮ್ಮದಿಯಾಗಿ ಸುರಿದಳು.

ಅದಕ್ಕೇ ಇವತ್ತಿಗೂ ಬಯಲು ಕಾದು, ಮೋಡ ಕಪ್ಪಾಗಿ, ಮೇಲಿನ ಗಾಳಿ ಒಂದು ಕಡೆ ಕೆಳಗಿನ ಗಾಳಿ ಒಂದು ಕಡೆ ಎಳೆದಾಗ ಆ ಬತ್ತಿಯೇ ಸುಂಟರಗಾಳಿಯಾಗಿ ಏಳುತ್ತದೆ. ಕಂಡರೆ ಒಳಗೆ ಓಡಿ. ಬತ್ತಿ ಇನ್ನೂ ಎಣ್ಣೆ ಹುಡುಕುತ್ತಿದೆ, ನಿಮ್ಮ ತಲೆಗೆ ಹಚ್ಚಿದ್ದನ್ನೂ ಬಿಡುವುದಿಲ್ಲ.

ಅಂದಹಾಗೆ, ಹಳೇ ಕಥೆ ಮೊದಲ ಹನಿಗೇ ಮುಗಿದಿತ್ತು. ಅಜ್ಜಿ ಮುಖ ಕಾಣದೆಯೇ ಕರಗಿಹೋಗಿದ್ದಳು. ಮುಂದಿನದು ನಾನು ಕಟ್ಟಿದ್ದು. ಒಗಟಿಗೆ 'ಮುಖ ಕಂಡಿತು' ಅಂತ ಸೇರಿಸಿದ್ದೂ ನಾನೇ, ಉತ್ತರ ನಿಮಗೆ ಹೊಳೆಯದಿದ್ದದ್ದು ಅದಕ್ಕೇ. ಏನು ಮಾಡಲಿ, ಅಜ್ಜಿಯನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ.